ಎತ್ತುವುದು ಬೇರೆ, ತಳ್ಳುವುದು ಬೇರೆ: ಸಿಳ್ಳೆ ಹಾಕುವ ಬಾಗಿಲು, ಕೂರದ ಬೀಗ

ಪ್ರಶ್ನೆ: ನಾವು ಮುಂಬೈಯ ಬೋರಿವಲಿಯಲ್ಲಿ ಹನ್ನೊಂದನೇ ಮಹಡಿಯಲ್ಲಿದ್ದೇವೆ. ಮಳೆ ಶುರುವಾದಾಗಿನಿಂದ ಮುಂಬಾಗಿಲಿನ ಸಂದಿಯಲ್ಲಿ ರಾತ್ರಿಯಿಡೀ ಗಾಳಿ ಸಿಳ್ಳೆ ಹಾಕುತ್ತದೆ. ಆನ್‌ಲೈನಲ್ಲಿ ರಬ್ಬರ್ ಪಟ್ಟಿ ತರಿಸಿ ಸುತ್ತಲೂ ಅಂಟಿಸಿದೆವು. ಸಿಳ್ಳೆ ನಿಲ್ಲಲಿಲ್ಲ, ಈಗ ಬೀಗ ಹಾಕುವುದೂ ಕಷ್ಟವಾಗಿದೆ. ಹಿಡಿಕೆ ಹಿಡಿದು ಬಾಗಿಲನ್ನು ಸ್ವಲ್ಪ ಎತ್ತಿ, ಭುಜ ಕೊಟ್ಟು ತಳ್ಳಿದರೆ ಮಾತ್ರ ಕೀಲಿಕೈ ತಿರುಗುತ್ತದೆ. ಚಾವಿವಾಲಾ ಲಾಕ್ ಬದಲಿಸಿ ಅನ್ನುತ್ತಾರೆ, ಬಡಗಿ ರಂಧಾ ಹೊಡೆಯೋಣ, ಅಂದರೆ ಕದದ ಅಂಚು ಕೀಸೋಣ ಅನ್ನುತ್ತಾರೆ. ಇದರ ಮಧ್ಯೆ ಹೋದ ವಾರ ಅತ್ತೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಹೊರಗೆ ಕಾಲಿಟ್ಟರು, ಗಾಳಿಗೆ ಬಾಗಿಲು ಧಡಾರೆಂದು ಹಾಕಿಕೊಂಡಿತು. ಒಲೆಯ ಮೇಲೆ ಕುಕ್ಕರ್ ಇತ್ತು. ಬಾಗಿಲಿಗೆ ಹಿಡಿಕೆಯ ಲಾಕ್ ಒಂದು, ಅದರ ಮೇಲೆ ಬಾಗಿಲು ಮುಚ್ಚಿದೊಡನೆ ತಾನಾಗಿ ಕಚ್ಚಿಕೊಳ್ಳುವ ನೈಟ್ ಲ್ಯಾಚ್ ಒಂದು ಇದೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ರೋಗ ಏನೆಂದು ನೀವೇ ಬರೆದುಬಿಟ್ಟಿದ್ದೀರಿ. "ಎತ್ತಿ" ಅಂದಿರಿ, "ತಳ್ಳಿ" ಅಂದಿರಿ. ಅವು ಎರಡು ಬೇರೆ ಬೇರೆ ತೊಂದರೆಗಳು. ಬಾಗಿಲು ಎತ್ತಿದರೆ ಬೀಗ ಕೂರುತ್ತದೆ ಅಂದರೆ ಕದ ಕೆಳಗೆ ಜೋತಿದೆ. ತಳ್ಳಿದರೆ ಕೂರುತ್ತದೆ ಅಂದರೆ ಕದವನ್ನು ಏನೋ ಒಂದು ಚೌಕಟ್ಟಿನಿಂದ ಹೊರಕ್ಕೆ ದೂಡುತ್ತಿದೆ. ನಿಮ್ಮಲ್ಲಿ ಎರಡೂ ಇವೆ. ಲಾಕ್ ಪಾಪ, ಅದರ ಪಾಡಿಗೆ ಸರಿಯಾಗಿಯೇ ಇರಬಹುದು.

ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಮೂವತ್ತು ವರ್ಷ ಬಾಗಿಲು ಕೂರಿಸುವ ಕೆಲಸ ಮಾಡಿದ್ದೇನೆ. ಲಾಕ್ ಕೆಟ್ಟಿದೆ ಅಂತ ಕರೆದ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ನಾನು ಮುಟ್ಟಿದ್ದು ಲಾಕನ್ನಲ್ಲ, ಬಿಜಾಗರಿಯನ್ನು. ಊರಲ್ಲಿ ಕೆಲವರು ತಿರುಗಣಿ ಅನ್ನುತ್ತಾರೆ, ಕೆಲವರು ಹಿಂಜಸ್ ಅನ್ನುತ್ತಾರೆ. ಇಲ್ಲಿ ಮರಾಠಿಯ ಬಿಜಾಗರಿಯೇ ಎಲ್ಲರ ಬಾಯಲ್ಲಿ.

ಮೊದಲು ಒಂದು ನಿಮಿಷದ ಪರೀಕ್ಷೆ. ಬಾಗಿಲು ಪೂರ್ತಿ ತೆರೆದಿಡಿ. ಈಗ ಕೀಲಿಕೈ ಹಾಕಿ ತಿರುಗಿಸಿ. ಲಾಕ್‌ನ ನಾಲಿಗೆ ಸಲೀಸಾಗಿ ಹೊರಗೆ ಬಂದು ಒಳಗೆ ಹೋದರೆ ಲಾಕ್‌ಗೆ ಏನೂ ಆಗಿಲ್ಲ. ಬಾಗಿಲು ತೆರೆದಿದ್ದಾಗಲೂ ಬಿಗಿಯಾಗಿದ್ದರೆ, ದಿನಾ ಬಳಸದೆ ಕಪಾಟಿನಲ್ಲಿಟ್ಟ ಅಸಲಿ ಕೀಲಿಕೈ ಹಾಕಿ ನೋಡಿ. ಅದು ಸರಾಗವಾಗಿ ತಿರುಗಿದರೆ ಸವೆದಿರುವುದು ನಿಮ್ಮ ದಿನಬಳಕೆಯ ಕೀಲಿಕೈ. ಎರಡೂ ಬಿಗಿ ಅಂದರೆ ಮಾತ್ರ ಲಾಕ್ ಕಡೆ ನೋಡಬೇಕು. ಚಾವಿವಾಲಾ ಈ ಪರೀಕ್ಷೆ ಮಾಡಿ ತೋರಿಸದೆ ಲಾಕ್ ಬದಲಿಸಿ ಅಂದಿದ್ದರೆ, ಇನ್ನೊಬ್ಬರನ್ನು ಕರೆಯಿರಿ.

ಆಮೇಲೆ ಕುಂಕುಮದ ಪರೀಕ್ಷೆ. ಸ್ವಲ್ಪ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ನಾಲಿಗೆಯ ತುದಿಗೆ ಹಚ್ಚಿ. ಕದವನ್ನು ಎತ್ತದೆ, ತಳ್ಳದೆ, ಅದು ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮುಚ್ಚಿ ಕೀಲಿಕೈ ತಿರುಗಿಸಿ. ತೆರೆದು ನೋಡಿದರೆ ಚೌಕಟ್ಟಿನಲ್ಲಿರುವ ತಗಡಿನ ಮೇಲೆ, ಅಂದರೆ ಸ್ಟ್ರೈಕ್ ಪ್ಲೇಟ್ ಮೇಲೆ, ಕೆಂಪು ಗುರುತು ಬಿದ್ದಿರುತ್ತದೆ. ಗುರುತು ತೂತಿನ ಕೆಳ ಅಂಚಿನಲ್ಲಿದ್ದರೆ ಕದ ಜೋತಿದೆ. ಪಕ್ಕದ ಅಂಚಿನಲ್ಲಿದ್ದರೆ ಪಟ್ಟಿ ದಪ್ಪವಾಗಿದೆ. ನಿಮ್ಮದು ಮೂಲೆಯಲ್ಲಿ ಬೀಳುತ್ತದೆ ಅಂತ ನನ್ನ ಅಂದಾಜು.

ಈಗ ಕೆಲಸದ ಸರದಿ. ಮೊದಲು ಅಂಟಿಸಿದ ಪಟ್ಟಿ ಪೂರ್ತಿ ಕಿತ್ತುಹಾಕಿ. ದುಡ್ಡು ಕೊಟ್ಟು ತಂದದ್ದು ಅಂತ ಬೇಜಾರಾಗಬಹುದು, ಆದರೆ ಪಟ್ಟಿ ಇರುವಾಗ ಬಾಗಿಲಿನ ನಿಜವಾದ ಸ್ಥಿತಿ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬಿಜಾಗರಿಯ ಕಡೆ ಅಂಟಿಸಿದ ಪಟ್ಟಿ. ಬಾಗಿಲು ಮುಚ್ಚುವಾಗ ಆ ದಪ್ಪ ರಬ್ಬರು ಬಿಜಾಗರಿಯ ಪಕ್ಕದಲ್ಲೇ ಸಿಕ್ಕಿಕೊಂಡು ಅಡ್ಡಗಲ್ಲಿನಂತೆ ಕೆಲಸ ಮಾಡುತ್ತದೆ. ನೀವು ಅಲ್ಲಿಂದ ಮೂರು ಅಡಿ ದೂರದಲ್ಲಿ, ಲಾಕ್ ಕಡೆ, ಭುಜ ಕೊಟ್ಟು ತಳ್ಳುತ್ತೀರಿ. ಮೊಳೆ ಕೀಳಲು ಸುತ್ತಿಗೆಯ ಹಿಂಬದಿ ಹೇಗೆ ಬಳಸುತ್ತೇವೋ ಹಾಗೆ, ಒಂದೊಂದು ಸಲ ತಳ್ಳಿದಾಗಲೂ ಬಿಜಾಗರಿಯ ಸ್ಕ್ರೂಗಳು ಕೂದಲೆಳೆಯಷ್ಟು ಹೊರಗೆ ಬರುತ್ತವೆ. ಗಾಳಿ ತಡೆಯಲು ಹಾಕಿದ ಪಟ್ಟಿಯೇ ಕದವನ್ನು ಜೋಲಿಸಿರುವ ಸಾಧ್ಯತೆ ಇದೆ.

ಪಟ್ಟಿ ಕಿತ್ತ ಮೇಲೆ ಬಾಗಿಲು ಮುಚ್ಚಿ, ಒಳಗೆ ನಿಂತು ಸಂದು ನೋಡಿ. ಅಳೆಯಲು ಎಟಿಎಂ ಕಾರ್ಡ್ ಸಾಕು. ಒಂದು ಕಾರ್ಡಿನ ದಪ್ಪ 0.76 ಮಿ.ಮೀ. ನಾಲ್ಕು ಸೇರಿಸಿ ಹಿಡಿದರೆ ಹೆಚ್ಚುಕಡಿಮೆ 3 ಮಿ.ಮೀ. ಕದದ ಸುತ್ತ ಅಷ್ಟು ಸಂದು ಇದ್ದರೆ ಸರಿ. ಲಾಕ್ ಕಡೆ ಮೇಲಿನ ಮೂಲೆ ಚೌಕಟ್ಟಿಗೆ ಉಜ್ಜುತ್ತಿದೆಯೇ? ಬಿಜಾಗರಿ ಕಡೆ ಮೇಲ್ಗಡೆ ಸಂದು ಅಗಲವಾಗಿ, ಕೆಳಗೆ ಕಿರಿದಾಗಿದೆಯೇ? ಲಾಕ್ ಕಡೆ ಕೆಳಗಿನ ಮೂಲೆ ಹೊಸ್ತಿಲಿಗೆ ತಾಗುತ್ತಿದೆಯೇ? ಹಾಗಿದ್ದರೆ ಮೇಲಿನ ಬಿಜಾಗರಿ ಸಡಿಲವಾಗಿದೆ. ಏಳಡಿ ಎತ್ತರ, ಮೂರಡಿ ಅಗಲದ, ಎರಡೂ ಮುಖ ಸಪಾಟಾಗಿರುವ ಒಳ್ಳೆ ಫ್ಲಶ್ ಡೋರ್ 30ರಿಂದ 40 ಕಿಲೋ ತೂಗುತ್ತದೆ. ಕದ ಹೊರಕ್ಕೆ ಬೀಳದಂತೆ ಎಳೆದು ಹಿಡಿಯುವುದು ಮೇಲಿನ ಬಿಜಾಗರಿ, ಅದಕ್ಕೇ ಸೋಲುವುದೂ ಮೊದಲು ಅದೇ.

ಬಾಗಿಲು ಪೂರ್ತಿ ತೆರೆದು, ಲಾಕ್ ಕಡೆಯ ಅಡಿಗೆ ಮಡಿಸಿದ ಪೇಪರೋ ಮರದ ಚೂರೋ ಬೆಣೆಯಾಗಿ ತೂರಿಸಿ. ಭಾರ ಅದರ ಮೇಲೆ ಕೂತ ಮೇಲೆ ಸ್ಕ್ರೂ ಬಿಗಿ ಮಾಡಿ ನೋಡಿ. ತಿರುಗುತ್ತಲೇ ಇದೆ, ಬಿಗಿಯಾಗುತ್ತಿಲ್ಲ ಅಂದರೆ ಮರದಲ್ಲಿ ತೂತು ಸವೆದು ಹೋಗಿದೆ. ಆಗ ದೇವರ ಮನೆಗೆ ಹೋಗಿ. ಅಗರಬತ್ತಿ ಉರಿದು ಮುಗಿದ ಮೇಲೆ ಉಳಿಯುವ ಬಿದಿರಿನ ಕಡ್ಡಿಗಳನ್ನು ತನ್ನಿ. ಒಂದು ಸ್ಕ್ರೂ ಬಿಚ್ಚಿ, ಕಡ್ಡಿಗಳಿಗೆ ಫೆವಿಕಾಲ್ ಹಚ್ಚಿ ತೂತಿನಲ್ಲಿ ಹಿಡಿಸುವಷ್ಟು ತುಂಬಿ, ಹೊರಗುಳಿದದ್ದನ್ನು ಸಮನಾಗಿ ಕತ್ತರಿಸಿ. ಒಂದು ರಾತ್ರಿ ಒಣಗಲಿ. ಆಮೇಲೆ ಸ್ಕ್ರೂ ಹಾಕಿ. ಹಿಂದೆ ಒಂದಿಂಚಿನ ಸ್ಕ್ರೂ ಇದ್ದರೆ ಈಗ ಎರಡಿಂಚಿನದು ಹಾಕಿ, ಸಣ್ಣ ತೂತು ಮೊದಲೇ ಕೊರೆದುಕೊಂಡು. ಸ್ಕ್ರೂವಿನ ಎಳೆಗೆ ಮೇಣದ ಬತ್ತಿ ಉಜ್ಜಿದರೆ ಸಲೀಸಾಗಿ ಇಳಿಯುತ್ತದೆ. ಒಂದು ಸಲಕ್ಕೆ ಒಂದೇ ಸ್ಕ್ರೂ. ಎಲ್ಲ ಒಟ್ಟಿಗೆ ಬಿಚ್ಚಿದರೆ ಕದ ನಿಮ್ಮ ಮೈಮೇಲೆ ಬರುತ್ತದೆ, ತಮಾಷೆ ಅಲ್ಲ.

ಹೊಸ ಸ್ಕ್ರೂ ತರುವಾಗ ಸ್ಟೇನ್‌ಲೆಸ್ ಸ್ಟೀಲ್‌ನದು, 304 ಗ್ರೇಡ್ ಅಂತ ಕೇಳಿ ತನ್ನಿ. ಮುಂಬೈಯ ಉಪ್ಪುಗಾಳಿಗೆ ಮಾಮೂಲಿ ಕಬ್ಬಿಣದ ಸ್ಕ್ರೂ ಎರಡು ಮಳೆಗಾಲಕ್ಕೆ ತುಕ್ಕಿನ ಕಡ್ಡಿಯಾಗುತ್ತದೆ. ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದಿದ್ದರೆ ಮಸ್ಜಿದ್ ಬಂದರ್ ಕಡೆಯ ನಾಗದೇವಿ ಸ್ಟ್ರೀಟ್‌ಗೆ ಹೋಗಿ. ಹೋಗುವಾಗ ಹಳೇ ಸ್ಕ್ರೂ, ಹಳೇ ಬಿಜಾಗರಿಯ ಫೋಟೊ ಎರಡೂ ಜೇಬಲ್ಲಿರಲಿ.

ಬಿಜಾಗರಿ ಬಿಗಿಯಾದ ಮೇಲೂ ನಾಲಿಗೆ ತೂತಿಗಿಂತ ಒಂದೆರಡು ಮಿ.ಮೀ. ಕೆಳಗಿದ್ದರೆ ಸ್ಟ್ರೈಕ್ ಪ್ಲೇಟಿನ ತೂತಿನ ಅಂಚನ್ನು ಅರದಿಂದ ಉಜ್ಜಿ ಅಗಲ ಮಾಡಿ. ಅದಕ್ಕಿಂತ ಜಾಸ್ತಿ ಇದ್ದರೆ ಪ್ಲೇಟನ್ನೇ ಕೆಳಗಿಳಿಸಿ ಕೂರಿಸಬೇಕು, ಆಗ ಬಡಗಿ ಬೇಕು.

ಬಡಗಿ ಅಂದೆನಲ್ಲ, ರಂಧಾ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ರಂಧಾ ಹೊಡೆಸಬೇಡಿ. ಮರ ತೇವ ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಜುಲೈ-ಆಗಸ್ಟಿನಲ್ಲಿ ಇಲ್ಲಿಯ ಗಾಳಿಯ ತೇವ ಶೇ. 80ರ ಮೇಲೆಯೇ ಇರುತ್ತದೆ. ಆಗ ಊದಿಕೊಂಡ ಅಂಚನ್ನು ಕೆತ್ತಿಬಿಟ್ಟರೆ ಜನವರಿಯಲ್ಲಿ ಮರ ಒಣಗಿ ಕುಗ್ಗಿದಾಗ ಕೆತ್ತಿದಷ್ಟು ಸಂದು ಉಳಿಯುತ್ತದೆ. ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಕೆಲಸ ಕಲಿತ ಹೊಸದರಲ್ಲಿ ನಮ್ಮ ಮನೆಯ ಬಾಗಿಲಿಗೇ ಜುಲೈನಲ್ಲಿ ಉತ್ಸಾಹದಿಂದ ರಂಧಾ ಹೊಡೆದೆ. ಚಳಿಗಾಲಕ್ಕೆ ಆ ಸಂದಿಯಿಂದ ಹಲ್ಲಿ ಆರಾಮಾಗಿ ಓಡಾಡತೊಡಗಿತು. ಪ್ರತಿ ಸಲ ಹಲ್ಲಿ ಲೊಚಗುಟ್ಟಿದಾಗ ಹೆಂಡತಿ ನನ್ನ ಮುಖ ನೋಡುತ್ತಿದ್ದಳು.

ಕದ ಊದಿದೆಯೋ ಜೋತಿದೆಯೋ ಅಂತ ಹೇಗೆ ಗೊತ್ತಾಗಬೇಕು? ಊದಿದ ಕದ ಲಾಕ್ ಕಡೆ ಮೇಲಿಂದ ಕೆಳಗಿನ ತನಕ ಒಂದೇ ಸಮ ಉಜ್ಜುತ್ತದೆ. ಜೋತದ್ದು ಮೂಲೆಯಲ್ಲಿ ಮಾತ್ರ. ಊದಿದ್ದರೆ ಉಜ್ಜುವ ಜಾಗಕ್ಕೆ ಮೇಣ ಸವರಿ ಡಿಸೆಂಬರ್ ತನಕ ಕಾಲ ದೂಡಿ. ಮರ ಒಣಗಿದ ಮೇಲೆ ಅಂಚುಗಳಿಗೆಲ್ಲ ಪೇಂಟ್ ಅಥವಾ ಪಾಲಿಶ್ ಮಾಡಿಸಿ, ಮುಖ್ಯವಾಗಿ ಮೇಲಿನ ಮತ್ತು ಕೆಳಗಿನ ಅಂಚಿಗೆ. ಮೊಬೈಲನ್ನು ನೆಲದ ಮೇಲಿಟ್ಟು ಕದದ ಅಡಿಯ ಫೋಟೊ ತೆಗೆಯಿರಿ. ಹತ್ತರಲ್ಲಿ ಎಂಟು ಬಾಗಿಲುಗಳ ಅಡಿ ಬರಿಮರವೇ ಆಗಿರುತ್ತದೆ, ಕಣ್ಣಿಗೆ ಕಾಣದ ಜಾಗಕ್ಕೆ ಯಾರು ಬ್ರಶ್ ಆಡಿಸುತ್ತಾರೆ? ನಮ್ಮವರ ಮನೆಯಲ್ಲಿ ಇನ್ನೊಂದು ಕಾರಣವೂ ಇದೆ. ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಶಿನ-ಕುಂಕುಮ ಇಡುತ್ತೇವೆ. ಆ ನೀರು ನೇರ ಕದದ ಅಡಿಗೆ. ಪೂಜೆ ಬಿಡಿ ಅನ್ನುವುದಿಲ್ಲ, ನೀರು ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ಗಾಳಿ. ಸಿಳ್ಳೆ ಕೇಳುವುದು ಮುಂಬಾಗಿಲಲ್ಲಿ, ಆದರೆ ಗಾಳಿ ಬರುವುದು ಬಹುಶಃ ಅಲ್ಲಿಂದಲ್ಲ. ಇಲ್ಲಿ ಮಳೆಗಾಲದ ಗಾಳಿ ಬೀಸುವುದು ಪಶ್ಚಿಮ-ನೈಋತ್ಯದಿಂದ, ಅಂದರೆ ಸಮುದ್ರದ ಕಡೆಯಿಂದ. ಆ ಕಡೆಯ ಕಿಟಕಿ, ಬಾಲ್ಕನಿ ಸ್ಲೈಡಿಂಗ್‌ನಿಂದ ಒಳಗೆ ನುಗ್ಗಿ, ಹೊರಹೋಗಲು ದಾರಿ ಹುಡುಕುತ್ತದೆ. ಸಿಕ್ಕುವ ದಾರಿ ಮುಂಬಾಗಿಲಿನ ಸಂದು, ಅದರಾಚೆ ಲಿಫ್ಟ್ ಮತ್ತು ಮೆಟ್ಟಿಲು. ನೋಡಬೇಕಾದರೆ ಅಗರಬತ್ತಿ ಹಚ್ಚಿ ಬಾಗಿಲಿನ ಅಂಚಿನುದ್ದಕ್ಕೂ ನಿಧಾನವಾಗಿ ಆಡಿಸಿ. ಈ ಸಲ ಕಡ್ಡಿಯಲ್ಲ, ಹೊಗೆ ಬೇಕು. ಹೊಗೆ ಸಂದಿಯೊಳಗೆ ಎಳೆದುಕೊಂಡು ಹೋದರೆ ಗಾಳಿ ಹೊರಗೆ ಹೋಗುತ್ತಿದೆ. ಇನ್ನೊಮ್ಮೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ ನೋಡಿ. ಈಗ ಹೊಗೆ ನಿಮ್ಮ ಮುಖಕ್ಕೆ ತಿರುಗಬಹುದು, ಯಾಕೆಂದರೆ ಫ್ಯಾನ್ ಹೊರಗೆ ದಬ್ಬಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಪಕ್ಕದ ಮನೆಯವರು ಒಣಮೀನು ಹುರಿದರೆ ಲಾಬಿಯಿಂದ ನಿಮ್ಮ ನಡುಮನೆಗೆ ವಾಸನೆ ಬರುವುದೂ ಹೀಗೆಯೇ.

ಹಾಗಾಗಿ ಮೊದಲು ಸ್ಲೈಡಿಂಗ್ ಕಿಟಕಿ ನೋಡಿ. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಉಣ್ಣೆಯಂಥ ತೆಳ್ಳನೆ ಬ್ರಶ್ ಪಟ್ಟಿ ಇರುತ್ತದೆ. ಐದಾರು ವರ್ಷಕ್ಕೆ ಅದು ಸವೆದು ಬೋಳಾಗುತ್ತದೆ. ಕಿಟಕಿ ಕೆಲಸದವರು ಅದನ್ನಷ್ಟೇ ಬದಲಿಸಿಕೊಡುತ್ತಾರೆ. ಕೆಳಗಿನ ಟ್ರ್ಯಾಕ್‌ನಲ್ಲಿರುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ, ಅವು ಮಳೆನೀರು ಹೊರಗೆ ಹೋಗುವ ದಾರಿ.

ಪಟ್ಟಿ ಹಾಕಿಯೂ ಸಿಳ್ಳೆ ನಿಲ್ಲದ್ದು ಯಾಕೆ ಅಂತ ಈಗ ಹೇಳುತ್ತೇನೆ. ಅರ್ಧ ಮುಚ್ಚಿದ ಸಂದು ಪೂರ್ತಿ ತೆರೆದ ಸಂದಿಗಿಂತ ಜಾಸ್ತಿ ಕೂಗುತ್ತದೆ. ದಾರಿ ಕಿರಿದಾದಷ್ಟೂ ಗಾಳಿಯ ವೇಗ ಹೆಚ್ಚು, ಕೊಳಲಿನಲ್ಲಿ ಆಗುವುದೂ ಅದೇ ಅಲ್ವಾ. ಮೂರು ಕಡೆ ಮುಚ್ಚಿ ಅಡಿ ಬಿಟ್ಟರೆ ಅಡಿ ಕೂಗುತ್ತದೆ. ಅಡಿಯನ್ನೂ ಮುಚ್ಚಿದರೆ, ಹೊರಗೆ ಯಾರಿದ್ದಾರೆಂದು ನೋಡುವ ಡೋರ್ ವ್ಯೂವರ್‌ನ ಸುತ್ತಲಿನ ಸಡಿಲು ಜಾಗ ಕೂಡ ಕೂಗಬಹುದು.

ಬಿಜಾಗರಿ, ಲಾಕ್ ಎರಡೂ ಸರಿಹೋಗಿ ಒಂದು ವಾರ ಬಾಗಿಲು ಚೆನ್ನಾಗಿ ಆಡಿದ ಮೇಲೆ ಹೊಸ ಪಟ್ಟಿ ಹಾಕಿ. ಸ್ಪಂಜಿನಂಥ ಫೋಮ್ ಬೇಡ, ಒಂದೇ ಮಳೆಗಾಲಕ್ಕೆ ಪುಡಿಪುಡಿಯಾಗುತ್ತದೆ. ಇಪಿಡಿಎಂ ರಬ್ಬರ್ ಅಂತ ಕೇಳಿ, ಒಳಗೆ ಟೊಳ್ಳಾಗಿರುವುದು. ಟೊಳ್ಳಾದದ್ದು ಒತ್ತಿದರೆ ಬಗ್ಗುತ್ತದೆ, ಗಟ್ಟಿಯದ್ದು ಬಾಗಿಲನ್ನು ವಾಪಸ್ ದೂಡುತ್ತದೆ. ಎಷ್ಟು ದಪ್ಪ ಬೇಕು ಅನ್ನುವುದು ಗೊತ್ತಾಗಲು, ಚಪಾತಿ ಹಿಟ್ಟಿನ ಸಣ್ಣ ಉಂಡೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕದ ಬಂದು ಒರಗುವ ಚೌಕಟ್ಟಿನ ಕಚ್ಚಿನಲ್ಲಿಟ್ಟು ಬಾಗಿಲು ಮುಚ್ಚಿ ಲಾಕ್ ಮಾಡಿ. ತೆರೆದರೆ ಹಿಟ್ಟು ಎಷ್ಟು ದಪ್ಪಕ್ಕೆ ಚಪ್ಪಟೆಯಾಗಿದೆಯೋ ಅದೇ ನಿಮ್ಮ ಅಳತೆ. ಅದಕ್ಕಿಂತ ಒಂದು ಮಿ.ಮೀ. ಜಾಸ್ತಿ ದಪ್ಪದ ಪಟ್ಟಿ ಸಾಕು. ಲಾಕ್ ಕಡೆ ಮತ್ತು ಮೇಲ್ಗಡೆ ಹಾಕಿ. ಬಿಜಾಗರಿ ಕಡೆ ನಿಜವಾಗಿ ಗಾಳಿ ಬರುತ್ತಿದ್ದರೆ ಮಾತ್ರ, ಎಲ್ಲಕ್ಕಿಂತ ತೆಳ್ಳಗಿನದು. ಅಂಟಿಸುವ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಮಳೆ ಹೊಡೆಯುತ್ತಿರುವ ದಿನ ಅಂಟಿಸಿದರೆ ಅಂಟು ಹಿಡಿಯುವುದಿಲ್ಲ.

ಬಾಗಿಲಿನ ಅಡಿಗೆ ಬ್ರಶ್ ಇರುವ ಅಲ್ಯೂಮಿನಿಯಂ ಪಟ್ಟಿ ಒಳ್ಳೆಯದು, ಒಳಗಿನ ಮುಖಕ್ಕೆ ಸ್ಕ್ರೂ ಹಾಕಿ ಕೂರಿಸುವುದು. ರೈಲಿನಲ್ಲಿ ಮಾರಲು ಬರುವ, ಬಟ್ಟೆಯೊಳಗೆ ಎರಡು ಫೋಮ್ ಉರುಳೆ ಇರುವ ಪಟ್ಟಿ ಒಳಗಿನ ಕೋಣೆಗಳಿಗೆ ಸಾಕು. ಮುಂಬಾಗಿಲಿಗೆ ಹಾಕಿದರೆ ಹೊಸ್ತಿಲ ನೀರು ಹೀರಿಕೊಂಡು ನಾರುತ್ತದೆ.

ಅಡುಗೆಮನೆ ಬಾಗಿಲಿನ ಅಡಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಪೈಪಿನಲ್ಲಿ ಬರುವ ಗ್ಯಾಸ್ ಹಗುರ, ಮೇಲಕ್ಕೆ ಹೋಗುತ್ತದೆ, ಅದಕ್ಕೆ ಮೇಲ್ಗಡೆ ದಾರಿ ಬೇಕು. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಇನ್ನೂ ಎಚ್ಚರ. ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬಾಗಿಲು ತೆರೆದಿದ್ದಾಗಲೂ ಕೀಲಿಕೈ ಬಿಗಿಯಾಗಿದ್ದರೆ ಏನು ಮಾಡಬೇಕು ಅಂತ ಹೇಳಿಬಿಡುತ್ತೇನೆ. ಮೊದಲನೆಯದು, ತೆಂಗಿನೆಣ್ಣೆ ಹಾಕಬೇಡಿ. ನಮ್ಮ ಕಡೆಯವರಿಗೆ ಇದೊಂದು ಚಟ. ಊರಿನ ಅಂಗೈಯಗಲದ ಲಿವರ್ ಬೀಗಗಳು ಅದನ್ನು ಹೇಗೋ ತಾಳಿಕೊಳ್ಳುತ್ತಿದ್ದವು. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಇದೇ ಮುಂಬೈಯ ಲಾಲ್‌ಬಾಗ್‌ನಲ್ಲಿ ಬೀಗ ಮಾಡಲು ಶುರುಮಾಡಿದ ಮೇಲೆ ಬೀಗಗಳು ಬಹಳ ಬದಲಾದವು, ನಮ್ಮ ಎಣ್ಣೆ ಬಾಟಲಿ ಬದಲಾಗಲಿಲ್ಲ. ಈಗಿನ ಫ್ಲ್ಯಾಟ್ ಲಾಕ್‌ಗಳ ಒಳಗೆ ಸಾಮಾನ್ಯವಾಗಿ ಐದಾರು ಸಣ್ಣ ಪಿನ್ನುಗಳು, ಅವುಗಳ ಮೇಲೆ ಕೂದಲಿನಂಥ ಸ್ಪ್ರಿಂಗುಗಳು. 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಪೇಟೆಂಟ್ ಪಡೆದ ರಚನೆಯೇ ಇಂದಿಗೂ ಅದರ ಮೂಲ. ಕೀಲಿಕೈಯ ಹಲ್ಲುಗಳು ಪ್ರತಿ ಪಿನ್ನನ್ನೂ ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ಸಿಲಿಂಡರ್, ಅಂದರೆ ಕೀಲಿಕೈ ಹೋಗುವ ಉರುಳೆ, ತಿರುಗುತ್ತದೆ. ತೆಂಗಿನೆಣ್ಣೆ ಧೂಳು ಹಿಡಿದು ಅಂಟಾಗುತ್ತದೆ, ಪಿನ್ನು ಎದ್ದಲ್ಲೇ ನಿಲ್ಲುತ್ತದೆ. ಅದೂ ಅಲ್ಲದೆ ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಜನವರಿ ಬೆಳಿಗ್ಗೆ ಮಾತ್ರ ತೊಂದರೆ ಕೊಡುವ ಲಾಕ್ ಒಂದನ್ನು ಬಿಚ್ಚಿದಾಗ ಒಳಗೆ ಗಾಣದ ಹಿಂಡಿಯಂಥ ಕಪ್ಪು ಪದಾರ್ಥ ಸಿಕ್ಕಿತ್ತು.

ಗ್ರಾಫೈಟ್ ಪುಡಿ ಹಾಕಿ. ಇಲ್ಲದಿದ್ದರೆ 2ಬಿ ಪೆನ್ಸಿಲನ್ನು ಕೀಲಿಕೈಯ ಹಲ್ಲುಗಳಿಗೆ ದಟ್ಟವಾಗಿ ಉಜ್ಜಿ, ಹತ್ತು ಸಲ ಒಳಗೆ ಹೊರಗೆ ಆಡಿಸಿ. ಮೊದಲೇ ಎಣ್ಣೆ ಕುಡಿದ ಲಾಕ್ ಆದರೆ ಕೊಳೆ ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಹೊಡೆದು ಕೊಳೆ ಹೊರಗೆ ಬರುವ ತನಕ ತೊಳೆಯಿರಿ, ಪೂರ್ತಿ ಒಣಗಲು ಬಿಡಿ, ಆಮೇಲೆ ಗ್ರಾಫೈಟ್. ಎರಡನ್ನೂ ಒಟ್ಟಿಗೆ ಹಾಕಿದರೆ ಕೆಸರಾಗುತ್ತದೆ. ಚಿಲಕ, ಬಿಜಾಗರಿಗೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ಕೀಲಿಕೈ ಒಳಗೆ ಮುರಿದರೆ ಸೂಪರ್ ಗ್ಲೂ ಹಚ್ಚಿ ಎಳೆಯುವ ವಿಡಿಯೊ ಉಪಾಯ ಮಾಡಲೇಬೇಡಿ, ಆಮೇಲೆ ಚಾವಿವಾಲಾ ಕೂಡ ಕೈಯೆತ್ತುತ್ತಾರೆ.

ಸಿಲಿಂಡರ್ ನಿಜವಾಗಿಯೂ ಸವೆದಿದ್ದರೂ ಇಡೀ ಲಾಕ್ ಬದಲಿಸಬೇಕಿಲ್ಲ. ಹಿಡಿಕೆಯ ಲಾಕ್‌ಗಳಲ್ಲಿ ಕದದ ದಪ್ಪದ ಅಂಚಿನಲ್ಲಿ, ಕೀಲಿಕೈಯ ನೇರಕ್ಕೆ ಒಂದು ಉದ್ದ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ, ಕೀಲಿಕೈಯನ್ನು ಸ್ವಲ್ಪ ಓರೆ ತಿರುಗಿಸಿ ಎಳೆದರೆ ಸಿಲಿಂಡರ್ ಕೈಗೆ ಬರುತ್ತದೆ. ಅದೇ ಉದ್ದದ್ದು ತಂದು ಹಾಕಿ, ಸಾಮಾನ್ಯವಾಗಿ 60 ಅಥವಾ 70 ಮಿ.ಮೀ. ಸ್ಕ್ರೂವಿನ ತೂತಿನಿಂದ ಎರಡೂ ತುದಿಗೆ ಬೇರೆ ಬೇರೆ ಅಳೆಯಿರಿ, ಎರಡು ಬದಿ ಸಮ ಇರಬೇಕೆಂದಿಲ್ಲ. ಹೊರಗಡೆ ಎರಡು-ಮೂರು ಮಿ.ಮೀ.ಗಿಂತ ಜಾಸ್ತಿ ಚಾಚಿಕೊಂಡಿದ್ದರೆ ಕಳ್ಳನಿಗೆ ಹಿಡಿದು ಮುರಿಯಲು ಅನುಕೂಲ.

ಇನ್ನು ನಿಮ್ಮ ಅತ್ತೆಯ ವಿಷಯ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಅದರದ್ದೇ. ಬಾಲ್ಕನಿ ತೆರೆದಿರುವಾಗ ಮುಂಬಾಗಿಲು ತೆರೆದರೆ ಗಾಳಿ ನೇರ ಹಾದುಹೋಗುತ್ತದೆ, ಕದವನ್ನು ಬೀಸಿ ಹೊಡೆಯುತ್ತದೆ. ನೈಟ್ ಲ್ಯಾಚ್ ತಾನಾಗಿ ಕಚ್ಚಿಕೊಳ್ಳುತ್ತದೆ. ಬಹುತೇಕ ನೈಟ್ ಲ್ಯಾಚ್‌ಗಳ ಒಳಮುಖದಲ್ಲಿ ನಾಲಿಗೆಯನ್ನು ಒಳಗೇ ಹಿಡಿದಿಡುವ ಸಣ್ಣ ಗುಂಡಿ ಇರುತ್ತದೆ. ಹಗಲು ಮನೆಯಲ್ಲಿದ್ದಾಗ ಅದನ್ನು ಹಾಕಿಡಿ, ಹೊರಗೆ ಜಾಲರಿಯ ಸೇಫ್ಟಿ ಡೋರ್ ಇದ್ದರೆ ಅದರ ಚಿಲಕ ಸಾಕು. ಗೋಡೆಗೆ ಮ್ಯಾಗ್ನೆಟ್ ಸ್ಟಾಪರ್ ಒಂದು ಕೂರಿಸಿ. ಒಳಗಿನಿಂದ ತೆರೆಯಲು ಕೀಲಿಕೈ ಬೇಕಾಗುವಂಥ ಲಾಕ್ ಮಾತ್ರ ಹಾಕಿಸಬೇಡಿ. ಬೆಂಕಿ ಬಿದ್ದ ರಾತ್ರಿ ಹೊಗೆಯಲ್ಲಿ ಯಾರೂ ಕೀಲಿಕೈ ಹುಡುಕಲಾರರು.

ನಂಬಿಕೆಯ ನೆರೆಮನೆಯವರ ಹತ್ತಿರ ಒಂದು ಕೀಲಿಕೈ ಇರಲಿ. ಅದನ್ನು ಅಸಲಿಯಿಂದಲೇ ಮಾಡಿಸಿ. ನಕಲಿನ ನಕಲು ಮಾಡಿಸಿದರೆ ಪ್ರತಿ ಸಲವೂ ಹಲ್ಲು ಸ್ವಲ್ಪ ತಪ್ಪುತ್ತದೆ. ಕೊಡುವ ಮುಂಚೆ ಬಾಗಿಲು ತೆರೆದೇ ಇಟ್ಟುಕೊಂಡು ಹೊರಗಡೆಯಿಂದ ಒಂದು ಸಲ ತಿರುಗಿಸಿ ನೋಡಿ. ಅತ್ತೆಗೂ ಒಮ್ಮೆ ತಿರುಗಿಸಲು ಹೇಳಿ.